ಬಲಗಡೆಯ ಹ್ಯಾಂಡಲ್ಲು

ಹೋದ ತಿಂಗಳು ನಮ್ಮೂರು ಸುಳ್ಳಕ್ಕೆ ಹೋಗಿದ್ದೆ. ಹೊಲದ ಉತಾರ, ಅಂದರೆ ಪಹಣಿ ತೆಗೆಸುವ ಕೆಲಸ. ಕೆಲಸ ಆಗಲಿಲ್ಲ, ಸಹಿ ಹಾಕುವ ಸಾಹೇಬರು ಬಂದಿರಲಿಲ್ಲ. ಅವರನ್ನು ಮನಸ್ಸಿನಲ್ಲೇ ಬೈಯುತ್ತ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಗರಡಿಮನೆಯಿಂದ ಒಂದು ವಾಸನೆ ಬಂತು. ಬಗ್ಗಿ ನೋಡಿದರೆ ನಾಲ್ಕು ಮಂದಿ ಹುಡುಗರು ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿಣ ಹಾಕಿ ಸಲಿಕೆಯಿಂದ ಮಗುಚುತ್ತಿದ್ದರು. ಹುಳಿಹುಳಿಯಾದ ಘಾಟು ವಾಸನೆ ಅದು. ಆ ವಾಸನೆ ಬಂದರೆ ಯಾರಿಗಾದರೂ ಕುಸ್ತಿ ನೆನಪಾಗಬೇಕು. ನನಗೆ ಮಾತ್ರ ವಿಡಿಯೋ ಗೇಮು ನೆನಪಾಗುತ್ತದೆ. ನಗಬೇಡಿ, ಖರೇನೇ ಹೇಳುತ್ತಿದ್ದೇನೆ.

ತೊಂಬತ್ತೇಳರ ಮಳೆಗಾಲ. ಪಿಯುಸಿ ಎರಡನೇ ವರ್ಷದಲ್ಲಿ ನಾನು ಗಣಿತ, ಭೌತಶಾಸ್ತ್ರ ಎರಡರಲ್ಲೂ ಸೊಗಸಾಗಿ ಫೇಲಾಗಿದ್ದೆ. ಅಪ್ಪ ಸುಳ್ಳದಲ್ಲಿ ಹೊಲ ನೋಡಿಕೊಂಡಿದ್ದ. ನಾನು ಓದಲೆಂದು ಹಳೇ ಹುಬ್ಬಳ್ಳಿಯ ಸೋದರಮಾವನ ಮನೆಯಲ್ಲಿದ್ದೆ. ಮಾವನದು ರೇಡಿಯೋ, ಟಿವಿ ರಿಪೇರಿ ಅಂಗಡಿ. ಅಕ್ಟೋಬರದಲ್ಲಿ ಮತ್ತೆ ಪರೀಕ್ಷೆಗೆ ಕೂರಬೇಕಿತ್ತು. "ಅಲ್ಲೀತನಾ ಮುಂಜಾನೆ ಓದು, ಮಧ್ಯಾಹ್ನ ಅಂಗಡ್ಯಾಗ ಕುಂಡ್ರು. ಸುಮ್ಕ ಓಣಿ ಅಳೀತಾ ತಿರಗಬ್ಯಾಡ" ಎಂದು ಮಾವ ಕೈಗೆ ಬೆಸುಗೆ ಕಡ್ಡಿ ಕೊಟ್ಟ. ಓದು ಹೇಗೆ ಸಾಗಿತ್ತೋ ಅದನ್ನು ಕೇಳಬೇಡಿ. ಬೆಸುಗೆ ಮಾತ್ರ ಹದಿನೈದು ದಿನದಲ್ಲಿ ಕೈಗೆ ಬಂತು.

ನಮ್ಮ ಅಂಗಡಿಗೆ ಹೊಂದಿಕೊಂಡೇ ರಜಾಕ್ ಕಾಕಾನ ವಿಡಿಯೋ ಗೇಮಿನ ಅಂಗಡಿ ಇತ್ತು. ಬಾಗಿಲಿಗೆ ಹಸಿರು ಪರದೆ, ಒಳಗೆ ಎರಡು ಯಂತ್ರ. ಒಂದರಲ್ಲಿ ಕಾರು ಓಡುತ್ತಿತ್ತು, ಅದನ್ನು ಚಿಕ್ಕ ಹುಡುಗರು ಆಡುತ್ತಿದ್ದರು. ಇನ್ನೊಂದು ಹೊಡೆದಾಟದ ಗೇಮು. ಎದುರುಬದುರು ಇಬ್ಬರು ಜಗಜಟ್ಟಿಗಳು, ಅವರನ್ನು ಆಡಿಸಲು ಇಬ್ಬರಿಗೂ ಒಂದೊಂದು ಹ್ಯಾಂಡಲ್ಲು, ನಾಲ್ಕು ಗುಂಡಿ. ಯಂತ್ರ ಕೆಟ್ಟರೆ ಕಾಕಾ ಗೋಡೆ ಬಡಿದು ನನ್ನನ್ನೇ ಕರೆಯುತ್ತಿದ್ದ. ನಾನು ಹೋಗಿ ಮುಚ್ಚಳ ತೆಗೆದು ರಿಪೇರಿ ಮಾಡುತ್ತಿದ್ದೆ. ಅದಕ್ಕೆ ಪ್ರತಿಯಾಗಿ ಎಷ್ಟು ಬೇಕಾದರೂ ಆಡು ಅನ್ನುತ್ತಿದ್ದ.

ರಸ್ತೆಯ ಆಚೆ ಬದಿಗೆ ಫಕೀರಪ್ಪ ಉಸ್ತಾದರ ಗರಡಿ. ಆ ಗರಡಿಗೆ ನಾನೂ ಒಂದು ಕಾಲದಲ್ಲಿ ಹೋಗಿದ್ದೆ ಎಂದರೆ ಈಗ ಯಾರೂ ನಂಬುವುದಿಲ್ಲ. ಹದಿನಾರನೇ ವಯಸ್ಸಿನಲ್ಲಿ, ಗೆಳೆಯ ಮಲ್ಲೇಶನ ಜೊತೆ ಲಂಗೋಟಿ ಕಟ್ಟಿದ್ದೆ. ಮಲ್ಲೇಶ ಓಣಿಯ ತುದಿಯ ಜೋಳದ ಅಂಗಡಿಯವರ ಮಗ. ಅವನ ಎದೆ ಆಗಲೇ ನನ್ನದರ ಎರಡರಷ್ಟಿತ್ತು. ನನ್ನ ಎಡಗೈ ಸಣ್ಣವನಿದ್ದಾಗ ಮುರಿದು ಸೊಟ್ಟ ಕೂಡಿಕೊಂಡಿದೆ, ಮೊಣಕೈ ಪೂರಾ ನೆಟ್ಟಗಾಗುವುದಿಲ್ಲ. ಉಸ್ತಾದರು ಕುಸ್ತಿ ಕಲಿಸುವುದರ ಜೊತೆಗೆ ಉಳುಕು ತೆಗೆಯುವವರು, ಮೂಳೆ ಕೂಡಿಸುವವರು. ಒಂದು ತಿಂಗಳಾದ ಮೇಲೆ ನನ್ನ ಮೊಣಕೈಯನ್ನು ಹೊರಳಿಸಿ ಹೊರಳಿಸಿ ನೋಡಿ, "ಇದರ ಮ್ಯಾಲೆ ಭಾರ ಬಿದ್ರ ಮತ್ತ ಮುರೀತೈತಿ ತಮ್ಮಾ. ನಿನಗ ಇದು ಬ್ಯಾಡ" ಎಂದರು. ಮೆತ್ತಗೆ ಹೇಳಿದರು, ಆದರೂ ಮನೆಗೆ ಹೋಗಿ ಬಚ್ಚಲಲ್ಲಿ ಕೂತು ಅತ್ತಿದ್ದೆ. ಮಲ್ಲೇಶ ಗರಡಿಯಲ್ಲಿ ಉಳಿದ. ವರ್ಷ ತುಂಬುವುದರೊಳಗೆ ಓಣಿಯ ಜನ ಅವನನ್ನು ಪೈಲ್ವಾನ್ ಅನ್ನತೊಡಗಿದರು. ನನ್ನನ್ನು ಗುರುಸಿದ್ಧ ಎಂದು ಕರೆಯುತ್ತಿದ್ದರು, ಇಲ್ಲವೆಂದರೆ ರೇಡಿಯೋದವರ ಅಳಿಯ.

ಆ ವರ್ಷ ಮಳೆ ಲಗೂನೇ ಹಿಡಿಯಿತು. ಹುಬ್ಬಳ್ಳಿಯ ಮಳೆ ಜೋರು ಮಾಡುವುದಿಲ್ಲ, ಆದರೆ ಬಿಡುವುದೂ ಇಲ್ಲ. ಗರಡಿಯ ಹಂಚು ನಾಲ್ಕಾರು ಕಡೆ ಒಡೆದು ನೀರು ಇಳಿದು ಮಣ್ಣು ರಾಡಿಯಾಯಿತು. ಹಂಚು ಹೊದಿಸಿ ಮಣ್ಣು ಒಣಗಿಸಿ ನಾಗರಪಂಚಮಿಗೆ ಶುರು ಮಾಡೋಣ ಎಂದು ಉಸ್ತಾದರು ಬಾಗಿಲು ಹಾಕಿದರು. ದಿನಾ ಐನೂರು ಬಸ್ಕಿ ಹೊಡೆಯುವ ಆಳುಗಳು ಕೆಲಸವಿಲ್ಲದೆ ಎಲ್ಲಿ ಹೋಗಬೇಕು? ರಸ್ತೆ ದಾಟಿ ಕಾಕಾನ ಹಸಿರು ಪರದೆಯೊಳಗೆ ಬಂದರು. ಮಲ್ಲೇಶ ಮೊದಲು ಬಂದ, ಅವನ ಹಿಂದೆ ಉಳಿದ ಏಳೆಂಟು ಮಂದಿ. ಅವರು ಬಂದರೆ ಒಳಗೆ ಗಾಳಿಯಾಡಲು ಜಾಗ ಇರುತ್ತಿರಲಿಲ್ಲ. ಕಾಕಾ ಮಾತ್ರ ಖುಷಿಯಲ್ಲಿದ್ದ.

ಆ ಗೇಮಿನಲ್ಲಿ ಹತ್ತು ಹನ್ನೆರಡು ಮಂದಿ ಜಟ್ಟಿಗಳಿದ್ದರು. ಗರಡಿಯವರೆಲ್ಲ ದೊಡ್ಡ ದೊಡ್ಡವರನ್ನೇ ಆರಿಸಿಕೊಳ್ಳುತ್ತಿದ್ದರು. ಮಲ್ಲೇಶನದು ಗಡ್ಡದ ಒಬ್ಬ ಧಡಿಯ, ಒಮ್ಮೆ ಹಿಡಿದರೆ ಎತ್ತಿ ಬಡಿದೇ ಬಿಡುತ್ತಿದ್ದ. ನನ್ನವನು ಎಲ್ಲರಿಗಿಂತ ಸಣ್ಣವನು. ಮುಖಕ್ಕೆ ಮುಸುಕು, ಮೈಮೇಲೆ ಹಳದಿ ಚಡ್ಡಿ. ಅವನಿಗೊಂದು ಇಂಗ್ಲಿಷ್ ಹೆಸರು ಇತ್ತು, ನಾವು ಗಿಡ್ಡ ಅನ್ನುತ್ತಿದ್ದೆವು. ಅವನ ಹೊಡೆತದಲ್ಲಿ ದಮ್ಮಿರಲಿಲ್ಲ. ಆದರೆ ಓಟ ಅಂದರೆ ಓಟ. ಎದುರಿನವನ ಕಾಲ ಕೆಳಗೆ ಉರುಳಿ ಆಚೆ ಏಳುತ್ತಿದ್ದ, ಕಣದ ಸುತ್ತಲಿನ ಹಗ್ಗ ಮೆಟ್ಟಿ ತಲೆಯ ಮೇಲಿಂದ ಜಿಗಿಯುತ್ತಿದ್ದ, ಬೆನ್ನ ಹಿಂದೆ ಹೋಗಿ ಸೊಂಟ ಹಿಡಿದು ಹಿಂದಕ್ಕೆ ಒಗೆಯುತ್ತಿದ್ದ. ಅವನನ್ನು ಆಡಿಸುವುದು ಪೂರಾ ಹುಸಿಯ ಆಟ. ಜೋರಾಗಿ ಓಡಿಬಂದು ಅರ್ಧದಲ್ಲಿ ಗಕ್ಕನೆ ನಿಲ್ಲಬೇಕು. ಬಂದೇಬಿಟ್ಟ ಎಂದು ಎದುರಿನವನು ಕೈ ಬೀಸುತ್ತಾನೆ, ಆಗ ಅವನ ಹಿಂದೆ ಸರಿದುಬಿಡಬೇಕು. ಗಟ್ಟಿಯಾದ ಎರಡು ಕೈ ಬೇಕಾಗಿಲ್ಲದ ಆಟ ಅದು. ನನಗೆ ಹೇಳಿ ಮಾಡಿಸಿದಂತಿತ್ತು.

"ಮಾರಿ ಮುಚ್ಕೊಂಡು ಕುಸ್ತಿ ಹಿಡ್ಯಾಂವ ಎಂಥಾ ಗಂಡಸಲೇ ಅಂವ?" ಎಂದು ಮಲ್ಲೇಶ ಮೊದಲ ದಿನ ನಕ್ಕ. ಆ ದಿನವೇ ನಾಲ್ಕು ಸಲ ಸೋತ. "ಏ, ಈಂವ ಗಿಡ್ಡ ಅಲ್ಲಪಾ, ಜಿರಳಿ! ಕೈಗೇ ಸಿಗವಲ್ಲ!" ಎಂದು ಹ್ಯಾಂಡಲ್ಲು ಬಿಟ್ಟ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಗಿಡ್ಡನ ಹುಸಿ ಓಟಕ್ಕೆ ಒಂದೇ ಔಷಧ. ಅವನು ಓಡಿಬಂದ ಕೂಡಲೇ ಹ್ಯಾಂಡಲ್ಲನ್ನು ಹಿಂದಕ್ಕೆ ಎಳೆದು ಕೈ ಅಡ್ಡ ಹಿಡಿದು ನಿಲ್ಲಬೇಕು. ಬಲಗಡೆ ನಿಂತವನಿಗೆ ಹಿಂದೆ ಎಂದರೆ ಬಲಕ್ಕೆ. ಹ್ಯಾಂಡಲ್ಲಿನ ಕೆಳಗೆ ನಾಲ್ಕು ದಿಕ್ಕಿಗೂ ಒಂದೊಂದು ಹಿತ್ತಾಳೆಯ ಪಟ್ಟಿ ಇರುತ್ತದೆ. ಹ್ಯಾಂಡಲ್ಲು ವಾಲಿದ ಕಡೆಯ ಪಟ್ಟಿ ಒತ್ತಿ ಕರೆಂಟು ಕೂಡಿಕೊಳ್ಳುತ್ತದೆ. ಜೂನಿನ ಒಂದು ದಿನ ಬಲಗಡೆಯ ಹ್ಯಾಂಡಲ್ಲನ್ನು ಬಿಚ್ಚಿ ಸ್ವಚ್ಛ ಮಾಡುವಾಗ ಅದರ ಬಲದ ಪಟ್ಟಿ ಸೋತಿರುವುದನ್ನು ನೋಡಿದೆ. ಚಿಮಟಿಗೆಯಲ್ಲಿ ಬಗ್ಗಿಸಿ ಸರಿಮಾಡಿದೆ. ಒಂದು ವಾರಕ್ಕೆ ಮತ್ತೆ ಸಡಿಲಾಯಿತು. ಅದು ನನಗೆ ಗೊತ್ತಾದದ್ದು ಆಟದಲ್ಲೇ. ಮಲ್ಲೇಶ ಸರಿಯಾದ ಹೊತ್ತಿಗೇ ಹಿಂದಕ್ಕೆ ಎಳೆದಿದ್ದ, ಆದರೆ ಅವನ ಧಡಿಯ ಕಣ್ಣು ಮಿಟುಕಿಸುವಷ್ಟು ತಡವಾಗಿ ಕೈ ಅಡ್ಡ ಹಿಡಿದ. ಗಿಡ್ಡನಿಗೆ ಅಷ್ಟು ಸಾಕು.

ನಾಳೆ ಸರಿಮಾಡೋಣ ಅಂದುಕೊಂಡೆ. ಎರಡು ನಿಮಿಷದ ಕೆಲಸ. ಮರುದಿನ ಏಳು ಮಂದಿಯನ್ನು ಸಾಲಾಗಿ ಸೋಲಿಸಿದೆ. ಅದರ ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಪರದೆ ಸರಿಸಿ ಒಳಗೆ ಕಾಲಿಟ್ಟರೆ ಗರಡಿಯವನೊಬ್ಬ, "ಬರ್ರಿ ಪೈಲ್ವಾನ್ರ, ನಿಮ್ಮ ದಾರೀನಽ ಕಾಯಾಕತ್ತಿದ್ವಿ" ಅಂದ. ಚಾಷ್ಟಿಗೇ, ತಮಾಷೆಗೇ ಅಂದದ್ದು. ಆದರೆ ವಾರದೊಳಗೆ ಚಾಷ್ಟಿ ಹೋಗಿ ಹೆಸರು ಉಳಿಯಿತು. ಚಹಾದ ಅಂಗಡಿಯವನೂ ಪೈಲ್ವಾನ್ ಅಂದ. ಮಾವ ಕೂಡ ಒಂದು ದಿನ ಊಟಕ್ಕೆ ಕೂತಾಗ, "ಪೈಲ್ವಾನಗ ಇನ್ನೊಂದು ರೊಟ್ಟಿ ಹಾಕು" ಎಂದು ಅತ್ತೆಗೆ ಹೇಳಿದ. ಆಹಾ, ಆ ರೊಟ್ಟಿಯ ರುಚಿ! ಆ ಹೆಸರು ನನ್ನ ಮೇಲೆ ಎರಡು ತಿಂಗಳಷ್ಟೇ ಇತ್ತು. ಆ ಎರಡು ತಿಂಗಳು ನಾನು ಎದೆ ಮುಂದೆ ಮಾಡಿಕೊಂಡು ನಡೆಯುತ್ತಿದ್ದೆ. ಕೈ ಸೊಟ್ಟ ಇದೆ ಅನ್ನುವುದೇ ಮರೆತಿತ್ತು.

ಮರೆತಿತ್ತು ಎಂದರೆ ಸುಳ್ಳು. ಆ ಕೈಯನ್ನೇ ನೆಪ ಮಾಡಿಕೊಂಡಿದ್ದೆ. "ನನಗ ಎಡಕ್ಕಽ ನಿಲ್ಲಬೇಕ್ರೋ, ಮೊಣಕೈ ಗ್ವಾಡಿಗೆ ಆನಿಸಬೇಕು" ಎಂದು ಮೊದಲೇ ಹೇಳಿಟ್ಟಿದ್ದೆ. ಪಾಪ, ಎಲ್ಲರೂ ಎಡಗಡೆಯನ್ನು ನನಗೆ ಬಿಟ್ಟುಕೊಡುತ್ತಿದ್ದರು. ಬೇರೆ ಯಾರಾದರೂ ನಿಂತಿದ್ದರೆ ಮಲ್ಲೇಶನೇ, "ಏ ಸರಿಯಲೇ, ಅವನ ಕೈಗೆ ತ್ರಾಸಾಕ್ಕೈತಿ" ಎಂದು ಜಾಗ ಮಾಡಿಸುತ್ತಿದ್ದ. ಒಮ್ಮೆ ಕಾಕಾ, "ಬಲಕ್ಕ ನಿಂತಾವ್ರು ಬರೇ ಸೋಲಾಕತ್ತಾರಲ್ಲೋ, ಒಂದ್ಸಲ ಬಿಚ್ಚಿ ನೋಡು" ಅಂದ. "ಅವ್ರಿಗೆ ಆಡಾಕ ಬರಂಗಿಲ್ಲ ಕಾಕಾ, ಯಂತ್ರೇನ್ ಮಾಡತೈತಿ?" ಎಂದು ಉತ್ತರ ಕೊಟ್ಟೆ. ನನ್ನ ಬಾಯಿ ಆಗ ಭಾಳ ಚುರುಕಿತ್ತು.

ಪಂಚಮಿಗೆ ಎರಡು ದಿನ ಮುಂಚೆ, ಮಧ್ಯಾಹ್ನ. ಮಳೆ ಹನಿ ಕಡಿದಿತ್ತು. ನಾನೂ ಮಲ್ಲೇಶನೂ ಐದು ಕುಸ್ತಿಯ ಪಂದ್ಯ ಆಡುವುದೆಂದು ಗರಡಿಯವರು ವಾರದಿಂದ ಸುದ್ದಿ ಎಬ್ಬಿಸಿದ್ದರು. ಅಂಗಡಿ ತುಂಬಿ ಜನ ರಸ್ತೆಗೆ ಬಂದಿದ್ದರು. ನಾವಿನ್ನೂ ಶುರು ಮಾಡಿರಲಿಲ್ಲ, ಜನ ಥಟ್ಟನೆ ಸುಮ್ಮನಾದರು. ನೋಡಿದರೆ ಪರದೆ ಸರಿಸಿಕೊಂಡು ಫಕೀರಪ್ಪ ಉಸ್ತಾದರು ಬಂದಿದ್ದಾರೆ! ಬಿಳಿ ಧೋತರ, ತಲೆಗೆ ಪಟಗ, ಮುರುಟಿದ ಕಿವಿ. ಗರಡಿಯವರು ಹಿಂದಕ್ಕೆ ಸರಿದು ಗೋಡೆಗೆ ಅಂಟಿಕೊಂಡರು.

"ನಾಳೆ ಮಣ್ಣು ಹದಾ ಮಾಡೂದೈತಿ. ಎಲ್ಲಿ ಸತ್ತಾವು ನನ್ನ ಹುಡುಗ್ರು ಅಂತ ಹುಡುಕ್ಕೊಂಡು ಬಂದ್ನಿ" ಎಂದರು. ಆಮೇಲೆ ಯಂತ್ರದ ಕಡೆ ನೋಡಿ, "ಇದಽ ಏನು ನಿಮ್ಮ ಕಣಾ? ಯಾರದು ಜೋಡಿ?" ಎಂದು ಕೇಳಿದರು. ಮಲ್ಲೇಶ ತಲೆ ತಗ್ಗಿಸಿ ನಮ್ಮಿಬ್ಬರನ್ನೂ ತೋರಿಸಿದ. ಉಸ್ತಾದರು ಬೈಯುತ್ತಾರೆ ಅಂದುಕೊಂಡಿದ್ದೆವು. ಅವರು ಸ್ಟೂಲು ಎಳೆದುಕೊಂಡು ಕೂತರು. "ಆಡ್ರಿ. ಆದ್ರ ಜೋಡಿ ಅಂದಮ್ಯಾಲೆ ಪದ್ಧತಿ ಪ್ರಕಾರ ಆಗಬೇಕು. ಮದ್ಲ ಮಣ್ಣು ಕೊಡ್ರಿ."

ಮಣ್ಣು ಕೊಡುವುದು ಎಂದರೆ, ಕಣಕ್ಕಿಳಿದವರು ಕುಸ್ತಿಗೆ ಮುಂಚೆ ಒಂದು ಹಿಡಿ ಮಣ್ಣನ್ನು ಒಬ್ಬರ ಮೈಗೆ ಒಬ್ಬರು ಹಚ್ಚುತ್ತಾರೆ. ನೋಡುವವರಿಗೆ ಅದು ಮರ್ಯಾದೆ. ಅಸಲಿಗೆ ಅದು ತಪಾಸಣೆ. ಎದುರಿನವನು ಜಾರಲೆಂದು ಎಣ್ಣೆ ಬಳಿದುಕೊಂಡು ಬಂದಿದ್ದರೆ ಕೈಗೆ ಗೊತ್ತಾಗುತ್ತದೆ.

"ಇಲ್ಲಿ ಮಣ್ಣೆಲ್ಲೈತ್ರಿ ಉಸ್ತಾದ್ರ?" ಎಂದು ಕಾಕಾ ನಕ್ಕ.

"ಮಣ್ಣಿಲ್ಲಂದ್ರ ಅವರ ಆಯುಧ ಇವರು ಮುಟ್ಟಿ ನೋಡ್ಲಿ, ಇವರದು ಅವರು. ತಡೀರಿ, ಪಂಚ ಆಗಿ ನಾನಽ ನೋಡತೇನಿ."

ಎದ್ದು ಬಂದು ಒಂದೊಂದು ಕೈಯಲ್ಲಿ ಒಂದೊಂದು ಹ್ಯಾಂಡಲ್ಲು ಹಿಡಿದರು. ಜನ್ಮದಲ್ಲಿ ಆ ಯಂತ್ರ ಮುಟ್ಟಿದವರಲ್ಲ. ಕಣ್ಣು ಮುಚ್ಚಿ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ನಿಧಾನ ಹೊರಳಿಸಿದರು. ಯಾರದೋ ಮಣಿಕಟ್ಟು ನೋಡುವ ಹಾಗೆ. ಎಡಗೈಯದನ್ನು ಬಿಟ್ಟರು. ಬಲಗಡೆಯ ಹ್ಯಾಂಡಲ್ಲನ್ನು ಮತ್ತೊಮ್ಮೆ ಬಲಕ್ಕೆ ವಾಲಿಸಿದರು, ಇನ್ನೊಮ್ಮೆ ವಾಲಿಸಿದರು.

"ಇದರ ಕೀಲು ಸಡ್ಲ ಐತಿ. ಎಲ್ಲಾ ಕಡಿ ಎದುರು ಒತ್ತತೈತಿ, ಈ ಕಡಿ ಒತ್ತವಲ್ದು. ಯಾರು ನೋಡ್ಕೋತಾರಿದನ್ನ?"

"ಗುರುಸಿದ್ಧನಽ ನೋಡ್ಕೋತಾನ್ರಿ" ಎಂದ ಕಾಕಾ.

ಉಸ್ತಾದರು ನನ್ನ ಕಡೆ ತಿರುಗಿದರು. "ಗೊತ್ತಿತ್ತೇನ ನಿನಗ?"

"ಇಲ್ರೀ" ಎಂದೆ. "ಸವದಿರಬೇಕ್ರಿ."

ಅಷ್ಟು ಜನರ ಮುಂದೆ, ಅಷ್ಟು ಸಲೀಸಾಗಿ. ಅವರು ಒಂದು ಕ್ಷಣ ನನ್ನನ್ನೇ ನೋಡಿ, "ಹಂಗಾರ ಸರಿ ಮಾಡು" ಎಂದರು.

ಅಂಗಡಿಯಿಂದ ಸ್ಕ್ರೂಡ್ರೈವರು, ಚಿಮಟಿಗೆ ತಂದೆ. ಮುಚ್ಚಳ ತೆಗೆದೆ. ಒಳಗೆ ಕತ್ತಲೆ ಇತ್ತು, ಮಲ್ಲೇಶ ಪಕ್ಕದಲ್ಲಿ ಕೂತು ಬ್ಯಾಟರಿ ಹಿಡಿದ. ನಾಲ್ಕು ಪಟ್ಟಿಗಳಲ್ಲಿ ಯಾವುದು ಸಡಿಲ ಎಂದು ಗೊತ್ತಿಲ್ಲದವನು ಏನು ಮಾಡಬೇಕು? ಒಂದೊಂದನ್ನೂ ಒತ್ತಿ ನೋಡಬೇಕು. ನನ್ನ ಕೈ ಸೀದಾ ಬಲದ ಪಟ್ಟಿಗೆ ಹೋಯಿತು. ಚಿಮಟಿಗೆ ಇಟ್ಟೆ, ಬಗ್ಗಿಸಿದೆ, ಮುಗಿಯಿತು. ತಲೆ ಎತ್ತಿದಾಗ ಮಲ್ಲೇಶ ನನ್ನ ಕೈಯನ್ನೇ ನೋಡುತ್ತಿದ್ದ. ಬ್ಯಾಟರಿ ಆರಿಸಿದ.

"ಈಗ ನೀ ಆ ಕಡಿ ನಿಲ್ಲು" ಎಂದರು ಉಸ್ತಾದರು, ಬಲಗಡೆ ತೋರಿಸಿ. ನಾನು ಮೊಣಕೈಯ ಪುರಾಣ ತೆಗೆದೆ. "ನಿನ್ನ ಮೊಣಕೈ ನನಗ ಗೊತ್ತಿಲ್ಲೇನು? ಬಲಕ್ಕ ನಿಂತ್ರ ಅದಕ್ಕೇನೂ ಆಗಂಗಿಲ್ಲ" ಎಂದುಬಿಟ್ಟರು. ಬಲಕ್ಕೆ ನಿಂತೆ.

ಮೊದಲ ಎರಡು ಕುಸ್ತಿ ಸೋತೆ. ಮಲ್ಲೇಶನ ಧಡಿಯ ನನ್ನ ಗಿಡ್ಡನನ್ನು ಎತ್ತಿ ಎತ್ತಿ ಒಗೆದ. ಗರಡಿಯವರು ಸೂರು ಹಾರಿಹೋಗುವಂತೆ ಕೂಗಿದರು. ಹೋಯಿತು, ಎಲ್ಲ ಹೋಯಿತು ಅಂದುಕೊಂಡೆ. ಮೂರನೆಯದರಲ್ಲಿ ಹುಸಿ ಓಟವನ್ನೇ ಬಿಟ್ಟೆ. ದೂರ ದೂರ ಸುತ್ತಿಸಿದೆ, ಅವನೇ ಬೇಸತ್ತು ಮುಂದೆ ಬರುವವರೆಗೂ. ಬಂದಾಗ ಕಾಲ ಕೆಳಗೆ ಉರುಳಿ ಹಿಂದೆ ಎದ್ದು ಸೊಂಟ ಹಿಡಿದೆ. ಗೆದ್ದೆ. ನಾಲ್ಕನೆಯದನ್ನೂ ಗೆದ್ದೆ. ಐದನೆಯದರಲ್ಲಿ ಇಬ್ಬರದೂ ಒಂದೊಂದು ಹೊಡೆತಕ್ಕೆ ಬಂದು ನಿಂತಿತ್ತು. ಗಿಡ್ಡ ಹಗ್ಗ ಮೆಟ್ಟಿ ಜಿಗಿದ, ಧಡಿಯನ ಕೈ ಗಾಳಿಗೆ ಬೀಸಿತು, ಗಿಡ್ಡ ಸೊಂಟ ಹಿಡಿದು ಒಗೆದ, ಮುಗಿದೇ ಹೋಯಿತು.

ಎಲ್ಲರೂ ಉಸ್ತಾದರ ಮುಖ ನೋಡಿದರು. ಅವರು ನನ್ನ ಮುಖ ನೋಡುತ್ತಿದ್ದರು, ಏನೋ ಕೇಳುವವರಂತೆ ಬಾಯಿ ತೆರೆದರು. ಅಷ್ಟರಲ್ಲಿ ಮಲ್ಲೇಶ ನನ್ನ ಕೈ ಹಿಡಿದು ಮೇಲೆತ್ತಿ, "ಗೆದ್ದಾನ್ರಲೇ ನಮ್ಮ ಪೈಲ್ವಾನ್!" ಎಂದು ಒದರಿದ. ಅವನು ಒದರಿದ್ದೇ ತಡ, ಎಲ್ಲರೂ ಒದರಿದರು. ಉಸ್ತಾದರು ಪಟಗ ಸರಿಮಾಡಿಕೊಂಡು ಹೊರಟುಹೋದರು.

ಆ ಸಂಜೆ ನನಗೆ ಖುಷಿಯಾಗಲಿಲ್ಲ. ಸರಿ ಹ್ಯಾಂಡಲ್ಲಿನಲ್ಲೂ ಗೆಲ್ಲಬಲ್ಲೆ ಎಂದು ಆಗಷ್ಟೇ ಗೊತ್ತಾಗಿತ್ತು. ಹಾಗಿದ್ದರೆ ಎರಡು ತಿಂಗಳು ಯಾಕೆ ಹಾಗೆ ಮಾಡಿದೆ? ಆ ಎರಡು ತಿಂಗಳಲ್ಲಿ ಖರೇ ಗೆದ್ದದ್ದೆಷ್ಟು, ಕದ್ದದ್ದೆಷ್ಟು? ಲೆಕ್ಕ ಹತ್ತಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಬೆಳಿಗ್ಗೆ ಮಲ್ಲೇಶನ ಅಂಗಡಿಗೆ ಹೋದೆ. ಬಾಗಿಲಲ್ಲಿ ಟೆಂಪೋ ನಿಂತಿತ್ತು, ಅವನೊಬ್ಬನೇ ಜೋಳದ ಚೀಲ ಇಳಿಸುತ್ತಿದ್ದ.

"ಮಲ್ಲ್ಯಾ, ಅದು ಸಡ್ಲ ಇದ್ದದ್ದು ನನಗ ಗೊತ್ತಿತ್ತು. ಜೂನ್‌ದಿಂದ ಗೊತ್ತಿತ್ತು."

"ಗೊತ್ತೈತಿ" ಎಂದ, ಚೀಲದ ಮೇಲಿಂದ ಕೈ ತೆಗೆಯದೆ. "ಬ್ಯಾಟರಿ ನಾನಽ ಹಿಡದಿದ್ನಲಾ. ನೀ ಹುಡುಕಲೇ ಇಲ್ಲ."

"ಮತ್ತ ಯಾಕ ಅಷ್ಟ ಮಂದಿ ಮುಂದ ಪೈಲ್ವಾನ್ ಗೆದ್ದ ಅಂತ ಒದರಿದಿ? ನನ್ನ ಅಣಕಸಾಕೇನು?"

"ಅಲ್ಲಲೇ. ಉಸ್ತಾದ್ರು ಇನ್ನೊಂದು ಮಾತು ಕೇಳಿದ್ರ ನೀ ಬಾಯಿ ಬಿಡ್ತಿದ್ದಿ, ಅದಕ್ಕಽ ಒದರಿದ್ನಿ." ಚೀಲ ಕೆಳಗಿಟ್ಟು ಬೆವರು ಒರೆಸಿಕೊಂಡ. "ನನಗ ನಾಳಿಂದ ಗರಡಿ ಐತಿ. ಅಂಗಡಿ ಐತಿ. ನಿನಗ ಆ ಹೆಸರು ಒಂದಽ ಇತ್ತು."

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎರಡೇಟು ಹೊಡೆದಿದ್ದರೂ ಆಗುತ್ತಿತ್ತು. ಆ ಮಾತಿಗೆ ಮಾತ್ರ ಕಣ್ಣಲ್ಲಿ ನೀರು ಬಂತು. ಎರಡು ತಿಂಗಳು ನಾನು ಅವನಿಗೆ ಮೋಸ ಮಾಡಿದ್ದೆ. ಅವನು ನನಗೆ ಎಡಗಡೆಯ ಜಾಗ ಬಿಟ್ಟುಕೊಟ್ಟ ಹಾಗೆಯೇ ಆ ಹೆಸರನ್ನೂ ಬಿಟ್ಟುಕೊಟ್ಟಿದ್ದ.

"ಇನ್ಮ್ಯಾಲೆ ನನ್ನ ಪೈಲ್ವಾನ್ ಅನ್ನಬ್ಯಾಡ. ಹೆಸರು ಹಿಡದು ಕರಿ" ಎಂದೆ. "ಮಂದಿಗೂ ಹೇಳು, ಯಾಕ ಅಂತ."

"ನಾ ಯಾಕ ಹೇಳ್ಲಿ? ನಿನಗ ಬಾಯಿಲ್ಲೇನು?"

"ಹೇಳತೇನಿ. ಇವತ್ತ ಸಂಜೀಕ, ಕಾಕಾನ ಅಂಗಡ್ಯಾಗ. ಉಸ್ತಾದ್ರಿಗೂ ಹೇಳತೇನಿ."

ಅವನು ಮತ್ತೊಂದು ಚೀಲವನ್ನು ಅಂಚಿಗೆ ಎಳೆದ. ಟೆಂಪೋದಲ್ಲಿ ಇನ್ನೂ ಹತ್ತು ಹನ್ನೆರಡು ಚೀಲ ಇದ್ದವು.

"ಹಂಗಾರ ಬಾ ಗುರ್‍ಯಾ, ಆ ಕಡಿ ಹಿಡಿ" ಎಂದ.

ಇಬ್ಬರೂ ಕೂಡಿ ಎತ್ತಿದೆವು. ಭಾಳ ಭಾರ ಇತ್ತು.